ಗುಂಡ್ಯಾನ ಎಡೆಗೊಂದು ಸಕ್ಕರೆ ಬುರುಡೆ

ತಲೆಬುರುಡೆಗೆ ಇರುವೆ ಮುತ್ತದಂತೆ ನೋಡಿಕೊಳ್ಳುವುದು ಹೇಗೆ ಎಂದು ನೀವು ಯಾವತ್ತಾದರೂ ತಲೆ ಕೆಡಿಸಿಕೊಂಡಿದ್ದೀರಾ? ಕೆಡಿಸಿಕೊಂಡಿರಲಾರಿರಿ. ನಾನು ಇಡೀ ಒಂದು ವಾರ ಅದನ್ನೇ ಮಾಡಿದೆ. ಅಗಲವಾದ ಪರಾತದಲ್ಲಿ ನೀರು, ನೀರಿನ ನಡುವೆ ಬೋರಲು ಹಾಕಿದ ಬಟ್ಟಲು, ಬಟ್ಟಲಿನ ಮೇಲೆ ಬುರುಡೆ. ಆದರೂ ಬೆಳಿಗ್ಗೆ ಎದ್ದು ನೋಡಿದರೆ ಎಡಗಣ್ಣಿನ ಗುಳಿಯಿಂದ ಒಂದು ಸಾಲು ಒಳಗೆ ಹೋಗುತ್ತಿತ್ತು, ಬಲಗಣ್ಣಿನಿಂದ ಇನ್ನೊಂದು ಸಾಲು ಹೊರಗೆ ಬರುತ್ತಿತ್ತು. ನೀರು ದಾಟಿ ಹೇಗೆ ಬಂದವು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ನಮ್ಮವ್ವ, "ಭೀಮಾ ಹೊಳಿ ದಾಟಿ ಬಂದ ಇರಬಿ ಅವು, ನಿನ್ನ ಪರಾತ ಯಾವ ಗಿಡದ ತೊಪ್ಪಲ" ಎಂದಳು. ಅಫಜಲಪುರದಲ್ಲಿ ಇರುವೆಗೂ ವಾದ ಮಾಡುವವರ ಬೆಂಬಲವಿದೆ, ನನಗೆ ಮಾತ್ರ ಇಲ್ಲ.

ಬುರುಡೆ ಸಕ್ಕರೆಯದು. ಮಾಡಿದವಳು ಆಳಂದದಲ್ಲಿರುವ ಅಕ್ಕನ ಮಗಳು ಪಲ್ಲವಿ. ಬಿ.ಕಾಂ. ಮುಗಿಸಿ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಸುತ್ತಲಿನ ಊರುಗಳಲ್ಲಿ ಯಾರ ಮಗುವಿನ ಹುಟ್ಟುಹಬ್ಬವಾದರೂ ಇವಳ ಫೋನಿಗೆ ಒಂದು ಫೋಟೋ ಬರುತ್ತದೆ: ಟ್ರ್ಯಾಕ್ಟರ್ ಕೇಕ್, ಎತ್ತಿನ ಕೇಕ್, ಒಮ್ಮೆ ಕಬ್ಬಿನ ಗದ್ದೆಯ ಕೇಕ್. ಎಲ್ಲವನ್ನೂ ಮಾಡಿ ಬೇಸರವಾಗಿ, ಯಾವುದೋ ವಿಡಿಯೋದಲ್ಲಿ ಮೆಕ್ಸಿಕೋ ದೇಶದ ಸಕ್ಕರೆ ಬುರುಡೆ ನೋಡಿ, ತಾನೂ ಒಂದು ಮಾಡಿದಳು. ಒದ್ದೆ ಸಕ್ಕರೆಯನ್ನು ತೆಂಗಿನ ಚಿಪ್ಪಿನಲ್ಲಿ ಒತ್ತಿ, ಒಣಗಿಸಿ, ಚಮಚದಿಂದ ಕಣ್ಣು ಕೆತ್ತಿ, ದವಡೆ ಕೂರಿಸಿ, ಕಣ್ಣಿನ ಸುತ್ತ ಕೆಂಪು ದಳಗಳು, ಗಲ್ಲದ ಮೇಲೆ ಹಸಿರು ಬಳ್ಳಿ, ಬಾಯಿತುಂಬ ಸಾಲಾಗಿ ಹಲ್ಲು. ಮದುವೆಗೆ ಹೊರಟ ಬುರುಡೆಯಂತಿತ್ತು. ಹಣೆ ಮಾತ್ರ ಖಾಲಿ. ಅಲ್ಲಿ ಹೆಸರು ಬರೆಯಬೇಕಂತೆ.

ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಕಂಡಕ್ಟರ್ ಡಬ್ಬಿಯ ಮುಚ್ಚಳ ತೆಗೆಸಿ ನೋಡಿ, "ಹೆಣ್ಣೋ ಗಂಡೋ ಇದು? ಹೆಣ್ಣಾದ್ರ ಫ್ರೀ, ಗಂಡಾದ್ರ ಟಿಕೇಟ್ ತಗೋವಾ" ಅಂದನಂತೆ. ಅದನ್ನು ಹೇಳಿಕೊಂಡು ನಗುತ್ತ ಒಳಗೆ ಬಂದವಳು ಬುರುಡೆಯನ್ನು ಊಟದ ಮೇಜಿನ ಮೇಲಿಟ್ಟು, "ಮಾಮಾ, ನೀವು ಸಮಾಜಶಾಸ್ತ್ರದ ಮೇಷ್ಟ್ರು. ಇದು ಖರೆ ಹಿಂಗೇ ಇರ್ತದೇನು ಹೇಳ್ರಿ" ಎಂದಳು.

ಇಂಥ ಪ್ರಶ್ನೆಯನ್ನು ನನ್ನಂಥವನಿಗೆ ಕೇಳಬಾರದು. ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ಪಾಠ ಮಾಡಿದವನಿಗೆ, ಅದೂ ಯಾರೂ ಪ್ರಶ್ನೆ ಕೇಳದ ತರಗತಿಗಳಲ್ಲಿ ಮಾಡಿದವನಿಗೆ, ಒಂದು ಪ್ರಶ್ನೆ ಸಿಕ್ಕರೆ ಬರಗಾಲದಲ್ಲಿ ಮೇವು ಸಿಕ್ಕಂತೆ. ಆದರೆ ನಾನು ಬಾಯಿ ತೆರೆಯುವುದರೊಳಗೆ ಅವ್ವ ಅಡುಗೆಮನೆಯಿಂದ ಬಂದಳು.

"ಇದೇನಬೇ, ಟಿಸಿ ಮ್ಯಾಲಿಂದ ಕಿತ್ಕೊಂಡ ಬಂದೀಯೇನು?"

ಅವ್ವನಿಗೆ ಗೊತ್ತಿರುವ ಬುರುಡೆ ಅದೊಂದೇ: ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಇರುವ ಕರೆಂಟಿನ ಕಂಬದ ಮೇಲೆ ತಗಡಿನಲ್ಲಿ ಬರೆದದ್ದು, ಕೆಳಗೆ ಎರಡು ಎಲುಬು, ಕೆಂಪಕ್ಷರದಲ್ಲಿ ಅಪಾಯ. ಆದ್ದರಿಂದ ಅದನ್ನು ಮುಟ್ಟದೆ, ದೂರದಿಂದಲೇ ಒಂದು ಸುತ್ತು ಹಾಕಿದಳು.

"ಇದ್ಯಾಕ ನಗಾಕತ್ತದ?"

"ಬುರುಡಿ ನಗ್ತಾವ ಆಯಿ. ತುಟಿ ಇರಂಗಿಲ್ಲಲ್ಲ" ಎಂದಳು ಪಲ್ಲವಿ.

"ಇದಕ್ಕ ತತ್ತಿ ಹಾಕೀಯೇನು?"

"ಇಲ್ಲ ಆಯಿ, ನಿಮ್ಮಾಣಿ. ಸಕ್ರಿ, ನೀರು, ಲಿಂಬಿಹಣ್ಣಿನ ರಸ. ಮತ್ತ ಬಣ್ಣ."

ತತ್ತಿ ಇಲ್ಲವೆಂದ ಮೇಲೆ ಅವ್ವ ಕುರ್ಚಿ ಎಳೆದು ಕೂತಳು. ಸಾವಿಗಿಂತ ಮೊಟ್ಟೆಗೆ ಹೆಚ್ಚು ಹೆದರುವ ಮನೆತನ ನಮ್ಮದು.

ನಾನು ಶುರು ಮಾಡಿದೆ. ಅಲ್ಲಿಯ ಜನ ನವೆಂಬರ್ ಆರಂಭದಲ್ಲಿ ಸತ್ತವರನ್ನು ಮನೆಗೆ ಕರೆಯುತ್ತಾರೆ. ಮೆಟ್ಟಿಲಾಗಿ ಬಟ್ಟೆ ಹಾಸಿ ಫೋಟೋ, ಹಣ್ಣು, ಸತ್ತವರಿಗೆ ಇಷ್ಟವಾದ ಅಡುಗೆ, ಅವರು ಕುಡಿಯುತ್ತಿದ್ದದ್ದು, ಸೇದುತ್ತಿದ್ದದ್ದು ಎಲ್ಲ ಇಡುತ್ತಾರೆ. ಸಕ್ಕರೆ ಬುರುಡೆಯ ಹಣೆಗೆ ಹೆಸರು ಬರೆಯುತ್ತಾರೆ. ದಾರಿ ತಪ್ಪದಿರಲೆಂದು ಬಾಗಿಲಿಗೆ ಚೆಂಡುಹೂ ಚೆಲ್ಲುತ್ತಾರೆ. ಚೆಂಡುಹೂವಿನ ತವರು ಆ ದೇಶವೇ, ಅಲ್ಲಿಂದ ನಮ್ಮಲ್ಲಿಗೆ ಬಂತು ಎಂದೂ ಸೇರಿಸಿದೆ. ಕೇಳದೇ ಇದ್ದದ್ದನ್ನು ಸೇರಿಸುವುದು ನನ್ನ ವೃತ್ತಿರೋಗ. ಅದರ ಫಲ ಆಮೇಲೆ ಉಂಡೆ.

"ಇದೇನು ಹೊಸಾದು? ನಾವೂ ಮಾನೌಮಿ ಅಮಾಸಿಗಿ ಎಡಿ ಇಡ್ತೇವಲ್ಲ" ಎಂದಳು ಅವ್ವ. "ನಿಮ್ಮಜ್ಜಗ ಬೀಡಿ ಕಟ್ಟು ಇಡಂಗಿಲ್ಲೇನು?"

"ಅದೇ ಅವ್ವ. ಹೆಚ್ಚುಕಡಿಮೆ ಅದೇ. ಅವರು ಎರಡು ದಿನ ಮಾಡ್ತಾರ. ಮೊದಲನೇ ದಿನ ಸಣ್ಣ ಹುಡುಗರದು, ಎರಡನೇ ದಿನ ದೊಡ್ಡವರದು."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

"ಅಂದ್ರ ಅಲ್ಲಿ ಸತ್ತ ಕೂಸಿಗೂ ಎಡಿ ಇಡ್ತಾರ?"

"ಇಡ್ತಾರ."

"ಯಾರೂ ಬ್ಯಾಡ ಅನ್ನಂಗಿಲ್ಲ?"

"ಇಲ್ಲ."

"ಹಂಗಾರ ಈ ಸಲ ನಮ್ಮ ಗುಂಡ್ಯಾಗೂ ಒಂದು ಎಡಿ ಇಡೋಣು" ಎಂದಳು ಅವ್ವ. ಪಲ್ಲವಿ ನನ್ನ ಮುಖ ನೋಡಿದಳು. ಅವಳು ಆ ಹೆಸರನ್ನು ಕೇಳಿದ್ದೇ ಅವತ್ತು.

ಗುಂಡ್ಯಾ ನನ್ನ ತಮ್ಮ. ನಾವು ಆಗ ಮಣ್ಣೂರಿನಲ್ಲಿದ್ದೆವು. ನನಗೆ ಐದೋ ಆರೋ ವಯಸ್ಸು, ಅವನಿಗೆ ಎರಡು ತುಂಬಿರಲಿಲ್ಲ. ಜ್ವರ ಬಂತು, ಹೋದ. ಹೊಲದ ಬದುವಿನ ಮೂಲೆಯಲ್ಲಿ ಹೂತರು. ಫೋಟೋ ಇಲ್ಲ. ಅವನ ಹೆಸರನ್ನು ಆಮೇಲೆ ಮನೆಯಲ್ಲಿ ಯಾರೂ ಎತ್ತಲಿಲ್ಲ, ಯಾಕೆಂದು ನಾನೂ ಕೇಳಲಿಲ್ಲ. ನಮ್ಮಲ್ಲಿ ಮಕ್ಕಳಿಗೆ ಎಡೆ ಇಡುವುದಿಲ್ಲ. ಮಹಾನವಮಿ ಅಮಾವಾಸ್ಯೆಯ ಹಿರಿಯರ ಹಬ್ಬ ಹಿರಿಯರದು.

ನನಗೆ ಅವನ ಒಂದೇ ಒಂದು ನೆನಪಿದೆ. ಹೋಳಿಹುಣ್ಣಿಮೆ. ನಮ್ಮ ಕಡೆ ಮಕ್ಕಳ ಕೊರಳಿಗೆ ಸಕ್ಕರೆ ಸರ ಹಾಕುತ್ತಾರಲ್ಲ, ಬಿಳಿ, ಗುಲಾಬಿ ಬಿಲ್ಲೆಗಳನ್ನು ದಾರದಲ್ಲಿ ಹಿಡಿದದ್ದು. ಗುಂಡ್ಯಾ ಹೊಸ್ತಿಲ ಮೇಲೆ ಕೂತು ಸರವನ್ನು ಕೊರಳಿಂದ ತೆಗೆಯದೆಯೇ ನೆಕ್ಕುತ್ತಿದ್ದಾನೆ. ಗುಲಾಬಿ ಬಣ್ಣದ ಜೊಲ್ಲು ಹೊಟ್ಟೆಯವರೆಗೆ ಇಳಿದಿದೆ. ಒಂದು ಕೋಳಿ ಅವನನ್ನು ಓರೆಗಣ್ಣಿನಿಂದ ನೋಡುತ್ತಿದೆ. ಐವತ್ತು ದಾಟಿದ ನನ್ನೊಳಗೆ ಈ ಚಿತ್ರ ಇನ್ನೂ ಒದ್ದೆಯಾಗಿದೆ.

ಅನುಮಾನ ಬಂದದ್ದು ಕೋಳಿಯಿಂದ. ಎಳೆಯ ವಯಸ್ಸಿನ ನೆನಪುಗಳಲ್ಲಿ ಹೆಚ್ಚಿನವು ಇತರರು ಹೇಳಿದ್ದನ್ನು ನಾವೇ ಕಂಡೆವೆಂದು ನಂಬಿಕೊಂಡವು ಎಂದು ವಿಶ್ವವಿದ್ಯಾಲಯದಲ್ಲಿ ಓದಿದ್ದೆ, ಓದಿದ್ದನ್ನು ಮೂವತ್ತು ವರ್ಷ ಬೋಧಿಸಿದ್ದೆ. ನೆನಪು ಬುತ್ತಿಯಲ್ಲಿ ಕಟ್ಟಿಟ್ಟ ರೊಟ್ಟಿಯಲ್ಲ, ಕೇಳಿದಾಗಲೆಲ್ಲ ಹೊಸದಾಗಿ ಬಡಿದದ್ದು ಎಂದು ಮಕ್ಕಳಿಗೆ ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಲಿಂಗಾಯತರ ಮನೆಯ ಹೊಸ್ತಿಲಲ್ಲಿ ಕೋಳಿ ಎಲ್ಲಿಂದ ಬಂತು? ಪಕ್ಕದ ಮನೆಯದಿರಬಹುದು. ಇಲ್ಲವೇ ಯಾವುದೋ ಪುಸ್ತಕದ ಚಿತ್ರದಿಂದ ನಡೆದು ಬಂದಿರಬಹುದು. ಕೋಳಿ ಸುಳ್ಳಾದರೆ ಹೊಸ್ತಿಲು? ಹೊಸ್ತಿಲು ಸುಳ್ಳಾದರೆ ಜೊಲ್ಲು?

ಎಡೆಗೆ ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕು. ಗುಂಡ್ಯಾಗೆ ಏನು ಇಷ್ಟ ಎಂದು ಅವ್ವ ಕೇಳಿದಾಗ ನಾನು ಧೈರ್ಯವಾಗಿ "ಸಕ್ಕರೆ ಸರ" ಎಂದೆ. ಸಂಜೆ ಅಕ್ಕ ಆಳಂದದಿಂದ ಫೋನ್ ಮಾಡಿದಳು. ಪಲ್ಲವಿ ಅದನ್ನು ಸ್ಪೀಕರಿಗೆ ಹಾಕಿದಳು. ಮನೆಯವರೆಲ್ಲ ಕೇಳಬೇಕಾದ ಮಾತು ಒಂದೂ ಇಲ್ಲದಿದ್ದರೂ ಈಗ ಎಲ್ಲವೂ ಸ್ಪೀಕರಿನಲ್ಲೇ.

"ಸಕ್ರಿ ಸರ ನೆಕ್ಕಿದ್ದು ನೀನೋ ಶರಣ್ಯಾ" ಎಂದಳು ಅಕ್ಕ. "ಹೊಟ್ಟಿ ತನಕ ಜೊಲ್ಲು ಸುರಿಸ್ಕೊಂಡು ಕುಂತಿದ್ದಿ. ನಾನೇ ತೊಳದೀನಿ. ಗುಂಡ್ಯಾ ಆಗ ಹುಟ್ಟೇ ಇರಲಿಲ್ಲ."

"ಮತ್ತ ನಾ ಅದನ್ನ ನೋಡಿದ್ದು ಹೆಂಗ? ನನ್ನ ಹೊಟ್ಟಿ ನನಗ ದೂರದಿಂದ ಕಾಣ್ತದೇನು?"

"ಅದನ್ನ ನಿನ್ನ ಕಾಲೇಜಿನಾಗ ಕೇಳು."

"ಕೋಳಿ ಇತ್ತೇನು?"

"ಯಾವ ಕೋಳಿಯೋ?"

ಇಷ್ಟು ಸಾಕಾಯಿತು. ತಮ್ಮನ ಬಗ್ಗೆ ನನ್ನ ಹತ್ತಿರವಿದ್ದ ಒಂದೇ ಆಸ್ತಿ ಒಂದು ಫೋನಿನಲ್ಲಿ ಅಕ್ಕನ ಪಾಲಾಯಿತು, ಅದರೊಳಗೆ ನಾನೇ ಕೂತಿದ್ದೆ. ನಾನು ಎದ್ದು ಹೋಗಿ ಇರುವೆಗಳನ್ನು ಊದಿದೆ.

ಇಷ್ಟಾದರೂ ಮುಖ್ಯ ತಕರಾರು ಉಳಿದಿತ್ತು. ಜೇವರ್ಗಿಯಲ್ಲಿರುವ ದೊಡ್ಡಪ್ಪ ಒಪ್ಪಬೇಕಿತ್ತು. ಅವರು ಅಪ್ಪನ ಅಣ್ಣ, ತೊಗರಿ ವ್ಯಾಪಾರ ಮಗನಿಗೆ ಬಿಟ್ಟು ಈಗ ಹೊರಸಿನ ಮೇಲೆ ಕೂತು ಜಗತ್ತನ್ನು ತಿದ್ದುತ್ತಾರೆ. ಅಜ್ಜ, ಅಜ್ಜಿ, ಅಪ್ಪ ಮೂವರ ಫೋಟೋಗಳೂ ನಮ್ಮ ಮನೆಯಲ್ಲಿರುವುದರಿಂದ ಅಮಾವಾಸ್ಯೆಗೆ ಪ್ರತಿವರ್ಷ ಅವರೇ ಅಫಜಲಪುರಕ್ಕೆ ಬಂದು ಎಡೆಗೆ ಮೊದಲ ಕೈ ಮುಗಿಯುತ್ತಾರೆ. ಅವರು ಮುಗಿಯದೆ ಯಾರೂ ಉಣ್ಣುವಂತಿಲ್ಲ.

"ಹೋಗಿ ಹೇಳಿ ಬಾ" ಎಂದಳು ಅವ್ವ. "ನೀ ಓದಿದವ. ಆ ದೇಶದಾಗ ಇಡ್ತಾರಂತ ನೀ ಹೇಳಿದ್ರ ಕೇಳ್ತಾರ."

ಎಡೆ, ಪಿಂಡ, ಅಮಾವಾಸ್ಯೆ ಯಾವುದನ್ನೂ ನಂಬದ ನಾನು, ಯಾವುದೋ ಖಂಡದ ಆಚಾರವನ್ನು ಸಾಕ್ಷಿಯಾಗಿ ಹಿಡಿದುಕೊಂಡು, ಎರಡು ಬಸ್ಸು ಬದಲಿಸಿ, ಜೇವರ್ಗಿಗೆ ಹೋದೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು. ಪಕ್ಕದಲ್ಲಿ ಕೂತವನು ಫೋನಿನಲ್ಲಿ ಜೋರಾಗಿ ಹಾಡು ಹಚ್ಚಿದ್ದ, ಅವನ ಮೇಲೂ ಸಿಟ್ಟು.

ದೊಡ್ಡಪ್ಪ ನನ್ನ ಉಪನ್ಯಾಸವನ್ನು, ಸಕ್ಕರೆ ಸರದ ತಕರಾರಿನ ಸಮೇತ, ಕಣ್ಣು ಮುಚ್ಚಿ ಕೇಳಿದರು. ಮಲಗಿದರೇನೋ ಎಂದುಕೊಂಡೆ.

"ಎಡಿ ಮುಂದ ನಿಂತು ನಾ ಏನ್ ಮಾಡ್ಬೇಕು?" ಎಂದರು ಕೊನೆಗೆ.

"ಕೈ ಮುಗಿಬೇಕ್ರಿ."

"ಯಾರಿಗಿ? ಗುಂಡ್ಯಾಗ? ಅವ ಇದ್ದಿದ್ರ ನನ್ನ ಕಾಲಿಗಿ ಬೀಳವ. ಮೊಮ್ಮಕ್ಕಳ ಮುಂದ ನಾ ಅವನ ಕಾಲಿಗಿ ಬೀಳ್ಬೇಕೇನು? ನಿನ್ನ ಮೆಕ್ಸಿಕೋದಾಗ ಅಜ್ಜಗೋಳು ಕೂಸುಗಳಿಗೆ ನಮಸ್ಕಾರ ಮಾಡ್ತಾರೇನು?"

ಈ ಮುದುಕ ಒಂದು ದಿನವೂ ವಿಶ್ವವಿದ್ಯಾಲಯಕ್ಕೆ ಹೋದವನಲ್ಲ, ಆದರೆ ಕೇಳಬಾರದ ಪ್ರಶ್ನೆ ಯಾವುದೆಂದು ಸರಿಯಾಗಿ ಗೊತ್ತು.

"ಅವ್ವನ ಸಲುವಾಗಿ ಅಂದ್ಕೋರಿ" ಎಂದೆ.

"ನಿನ್ನ ಸಲುವಾಗೇ ಬ್ಯಾಡ ಅನ್ನಾಕತ್ತೇನಿ." ಅವರು ಈಗ ಕಣ್ಣು ತೆರೆದರು. "ಸತ್ತ ಕೂಸಿನ ಹೆಸರು ಮನ್ಯಾಗ ಎತ್ತಿದ್ರ ಇದ್ದ ಕೂಸಿಗಿ ಬಾಧಿ. ಗುಂಡ್ಯಾನ ಮಣ್ಣ ಮಾಡಿ ಬಂದ ದಿನ ನಿಮ್ಮವ್ವನ ಕೈಯಾಗ ಭಾಷಿ ತಗೊಂಡೀನಿ. ಇನ್ನ ಅವನ ಹೆಸರ ಹಿಡದು ಅಳಬ್ಯಾಡವಾ, ಶರಣ್ಯಾ ಒಬ್ಬ ಉಳದಾನ ಅಂತ. ಅಕಿ ಅಳಲಿಲ್ಲ."

ನಮ್ಮ ಮನೆಯ ಆ ಮೌನ ನನ್ನ ಪ್ರಾಣದ ಮೇಲೆ ಹೊದಿಸಿದ್ದು ಎಂದು ಯಾರೂ ಹೇಳಿರಲಿಲ್ಲ. ಹಾಗೆ ನೋಡಿದರೆ ಇಡೀ ಜಿಲ್ಲೆಯಲ್ಲಿ ಅದಕ್ಕೆ ಅತ್ಯಂತ ಅಯೋಗ್ಯನಾದ ಮನುಷ್ಯ ನಾನು; ಬಾಧೆಯನ್ನೇ ನಂಬುವುದಿಲ್ಲ.

"ನನಗೀಗ ಐವತ್ತ ದಾಟ್ಯಾವ ದೊಡ್ಡಪ್ಪ. ಇನ್ನೇನು ಬಾಧಿ?"

"ಐವತ್ತ ದಾಟಿದ್ದು ಹೆಂಗಂತಿ?" ಎಂದರು.

ನಾನು ಚೀಲ ಎತ್ತಿಕೊಂಡು ಎದ್ದೆ.

ಹೊರಡುವಾಗ ಬಾಗಿಲಿನಿಂದ ಕೂಗಿ ಹೇಳಿದರು: "ಆ ಎಡಿ ಇಟ್ರ ನಾ ಬರಂಗಿಲ್ಲಂತ ಹೇಳು." ನಾನು ಚಪ್ಪಲಿ ಮೆಟ್ಟುತ್ತಿರುವಾಗ ಮತ್ತೆ: "ಮತ್ತ ಅವಗ ಸಕ್ರಿ ಸರ ಅಲ್ಲ, ಗ್ವಾಡಿ ಮಣ್ಣ ಸೇರ್ತಿತ್ತು. ಗ್ವಾಡಿ ಕೆರ್ಕೊಂಡು ತಿಂತಿದ್ದ ಮಗ."

ಅವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಭಾಷೆಯ ಮಾತಿಗೆ ಅವಳು ತಲೆ ಎತ್ತಲಿಲ್ಲ, ಅವರೆಕಾಯಿ ಬಿಡಿಸುತ್ತಲೇ ಇದ್ದಳು. ಮಣ್ಣಿನ ಮಾತಿಗೆ ಎತ್ತಿದಳು.

"ಮಣ್ಣ ತಿನ್ನಾಕ ನನ್ನ ಕೂಸೇನು ಉಪಾಸ ಇತ್ತೇನು? ಏನ್ ಮಾತಾಡ್ತಾರ ಭಾವಾರು." ಎರಡು ಕಾಯಿ ಬಿಡಿಸಿದಳು. ಮೂರನೆಯದನ್ನು ಕೈಯಲ್ಲೇ ಹಿಡಿದಳು. "ತಿಂತಿದ್ದ. ಖರೇವು. ಬಾಯಾಗ ಬೆರಳ ಹಾಕಿ ತೆಗೀತಿದ್ದೆ, ಕಟಕ್ಕನ ಕಡೀತಿದ್ದ. ಕೆಳಗ ಎರಡೇ ಹಲ್ಲು ದೊಡ್ಡುವು ಆಗಿದ್ವು, ಇಲಿ ಹಲ್ಲಿನಂಗ. ಇಲ್ಲಿ ಕಡೀತಿದ್ದ, ನೋಡು ಇಲ್ಲಿ."

ಬಲಗೈಯ ತೋರುಬೆರಳನ್ನು ನನ್ನ ಮುಂದೆ ಹಿಡಿದಳು. ಅಲ್ಲಿ ಏನೂ ಇರಲಿಲ್ಲ. ಅವಳು ಮಾತ್ರ ಬಹಳ ಹೊತ್ತು ನೋಡಿದಳು.

"ಮಾರಿ ನೆನಪ ಬರವಲ್ದು ಶರಣ್ಯಾ" ಎಂದಳು ಆಮೇಲೆ, ಉಪ್ಪು ಮುಗಿದಿದೆ ಎನ್ನುವ ದನಿಯಲ್ಲಿ. "ಎರಡು ವರ್ಷಾತು. ಮೊದಲ ಕಣ್ಣ ಮುಚ್ಚಿದ್ರ ಬರ್ತಿತ್ತು. ಈಗ ನಿನ್ನ ಮಾರಿ ಬರ್ತದ, ಪಲ್ಲವಿ ಸಣ್ಣಾಕಿದ್ದಾಗಿನ ಮಾರಿ ಬರ್ತದ. ಅವಂದು ಬರವಲ್ದು. ಅದಕ್ಕ ಎಲ್ಲಾರ್ನೂ ಕೇಳಾಕತ್ತೀನಿ."

ನೆನಪು ಹೇಗೆ ಹುಟ್ಟುತ್ತದೆ, ಹೇಗೆ ಬದಲಾಗುತ್ತದೆ ಎಂದು ಗಂಟೆಗಟ್ಟಲೆ ಹೇಳಬಲ್ಲ ನಾನು ಅವತ್ತು ಅವ್ವನ ಮುಂದೆ ಕೂತು ಅವರೆಕಾಯಿ ಬಿಡಿಸಿದೆ. ಅದೂ ಸರಿಯಾಗಿ ಬಿಡಿಸಲಿಲ್ಲವೆಂದು ಬೈಸಿಕೊಂಡೆ.

ಮರುದಿನ ಅವ್ವ ಬುರುಡೆಯ ಮುಂದೆ ನಿಂತು ತೀರ್ಪು ಕೊಟ್ಟಳು. "ಇದಕ್ಕ ಮಾರಿ ಇಲ್ಲ. ಇದೇ ಬರೋಬ್ಬರಿ ಆಗ್ತದ. ಫೋಟೋ ಇಲ್ಲದವಗ ಇದನ್ನೇ ಇಡೋಣು."

"ಅವ್ವ, ಅದು ಅವರ ಪದ್ಧತಿ, ನಮ್ಮದಲ್ಲ" ಎಂದೆ.

"ಚೆಂಡುಹೂ ಅವರದೇ ಅಂತ ನೀನೇ ಹೇಳಿದಿ. ಅದನ್ನ ತೋರಣ ಕಟ್ಟಂಗಿಲ್ಲೇನು?"

ಅವತ್ತು ಸೇರಿಸಿದ ಆ ವಾಕ್ಯ ಹೀಗೆ ಬಂದು ನನ್ನ ಕಾಲಿಗೇ ತೊಡರಿತು. ಪಲ್ಲವಿಯನ್ನು ಕರೆದು ಅವ್ವ ಇನ್ನೊಂದು ಅಪ್ಪಣೆ ಮಾಡಿದಳು. ಬಾಯಿತುಂಬ ಇದ್ದ ಹಲ್ಲುಗಳನ್ನೆಲ್ಲ ಕೆರೆದು ತೆಗೆಯಬೇಕು. ಕೆಳಗೆ ಎರಡು ಮಾತ್ರ ಇರಬೇಕು.

"ಆಯಿ, ಡಿಸೈನ್ ಕೆಡ್ತದ" ಎಂದು ಪಲ್ಲವಿ ಗೋಗರೆದಳು. ಎರಡು ವರ್ಷದ ಮಗುವಿಗೆ ಅಷ್ಟು ಕಡಿಮೆ ಹಲ್ಲಿರುವುದಿಲ್ಲವೆಂದು ನಾನೂ ಶಾಸ್ತ್ರ ಹೇಳಿದೆ. ಅವ್ವ ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪಲ್ಲವಿ ಚಾಕುವಿನ ತುದಿಯಿಂದ ಒಂದೊಂದೇ ಹಲ್ಲು ಕೆರೆದಳು. ಹಣೆಯ ಮೇಲೆ ನೀಲಿ ಬಣ್ಣದಲ್ಲಿ ಗುಂಡ್ಯಾ ಎಂದು ಬರೆದಳು. ಈಗ ಅದು ಮೆಕ್ಸಿಕೋದ ಬುರುಡೆಯೂ ಅಲ್ಲ, ಕರೆಂಟಿನ ಕಂಬದ ಬುರುಡೆಯೂ ಅಲ್ಲ. ಎರಡು ಹಲ್ಲಿನಿಂದ ನಗುವಾಗ ಯಾರನ್ನೋ ಕಚ್ಚಲು ಬಂದಂತಿತ್ತು. ಅವ್ವ ಅದನ್ನು ಮೊದಲ ಸಲ ಕೈಯಲ್ಲಿ ಎತ್ತಿಕೊಂಡಳು.

ಅಮಾವಾಸ್ಯೆಯ ದಿನ ಅಕ್ಕ ಬಂದಳು. ಹೋಳಿಗೆ, ಎಣಗಾಯಿ, ಕಟ್ಟಿನ ಸಾರು, ಅಜ್ಜನ ಬೀಡಿ ಕಟ್ಟು, ಅಪ್ಪನ ಎಲೆ ಅಡಿಕೆ ಎಲ್ಲ ಸಿದ್ಧವಾಯಿತು. ಮೂರು ಫೋಟೋಗಳ ಮುಂದೆ ಮೂರು ಎಲೆ. ಕೊನೆಗೆ, ಸ್ವಲ್ಪ ಬದಿಗೆ, ಒಂದು ಸಣ್ಣ ತಟ್ಟೆ. ಅದರಲ್ಲಿ ಹಾಲಿನಲ್ಲಿ ಮಿದ್ದ ರೊಟ್ಟಿ, ಹಿಂದೆ ಬುರುಡೆ. ದೊಡ್ಡಪ್ಪನ ಸುಳಿವಿಲ್ಲ. ಫೋನ್ ಎತ್ತುತ್ತಿರಲಿಲ್ಲ. ಹೋಳಿಗೆ ತಣ್ಣಗಾಯಿತು. "ಆ ತಾಟು ತೆಗೀಬೇ, ಬರ್ತಾರ" ಎಂದಳು ಅಕ್ಕ. ಅವ್ವ, "ಬರ್ಲಿಲ್ಲಂದ್ರ ಇವತ್ತ ಎಲ್ಲಾರೂ ಉಪಾಸ" ಎಂದು ತಟ್ಟೆಯ ಪಕ್ಕದಲ್ಲೇ ಕೂತಳು. ನನ್ನ ಹೊಟ್ಟೆ ನಾಸ್ತಿಕ. ಅದು ಎಲ್ಲರಿಗೂ ಕೇಳುವಂತೆ ಗೊಣಗುತ್ತಿತ್ತು.

ಬಿಸಿಲು ಹಿತ್ತಲಿಗೆ ಸರಿಯುವ ಹೊತ್ತಿಗೆ ದೊಡ್ಡಪ್ಪ ಬಂದರು. ಬಸ್ಸನ್ನು ಬೈದರು, ರಸ್ತೆಯನ್ನು ಬೈದರು, ಮಗ ಕಾರು ಕೊಡಲಿಲ್ಲವೆಂದು ಬೈದರು. ಕಾಲು ತೊಳೆದು ಅಜ್ಜನಿಗೆ, ಅಜ್ಜಿಗೆ, ತನ್ನ ತಮ್ಮನಿಗೆ ಕೈ ಮುಗಿದರು. ನಾಲ್ಕನೆಯದರ ಮುಂದೆ ನಿಂತರು. ಬುರುಡೆಯನ್ನು ನೋಡಿದರು. ಬುರುಡೆಯೂ ಅವರನ್ನು ನೋಡಿತು.

"ಎರಡೇ ಹಲ್ಲು" ಎಂದರು.

"ಹೂನ್ರಿ ಭಾವಾರ" ಎಂದಳು ಅವ್ವ.

"ನಾ ಕೈ ಮುಗ್ಯಂಗಿಲ್ಲ."

"ಕೂಸಿಗಿ ಯಾರು ಕೈ ಮುಗೀತಾರ್ರಿ? ಉಣಸ್ತಾರ. ನೀವು ಕುಂದರ್ರಿ."

ಅವ್ವ ಹಾಲುರೊಟ್ಟಿಯ ತುತ್ತನ್ನು ಬುರುಡೆಯ ಬಾಯಿಗೆ ಒಂದು ಸಲ ಮುಟ್ಟಿಸಿದಳು. "ಗುಂಡ್ಯಾ, ಉಣ್ಣಪ" ಎಂದಳು. ಆ ಹೆಸರು ಅವಳ ಬಾಯಿಂದ ಬಂದ ರೀತಿಗೆ ದೊಡ್ಡಪ್ಪ ನನ್ನ ಕಡೆ ತಿರುಗಿ ನೋಡಿದರು. ನಾನು ಅಲ್ಲೇ ಇದ್ದೆ, ಬದುಕಿಯೇ ಇದ್ದೆ. ಅವರು ಇನ್ನೂ ಸ್ವಲ್ಪ ಹೊತ್ತು ನೋಡಿ ಖಾತ್ರಿ ಮಾಡಿಕೊಂಡರು.

ಎಡೆಗೆ ಇಟ್ಟದ್ದನ್ನು ಮನೆಯವರು ಉಣ್ಣಬೇಕು, ಬಿಸಾಡುವಂತಿಲ್ಲ. ಬುರುಡೆಗೂ ಅದೇ ನಿಯಮವೆಂದು ಅವ್ವ ಹೇಳಿದಾಗ ಪಲ್ಲವಿ ಮುಖ ಮುಚ್ಚಿಕೊಂಡಳು. ಲಟ್ಟಣಿಗೆಯ ಏಟಿಗೆ ಒಡೆಯಲಿಲ್ಲ. ಅಕ್ಕ ಹೊಡೆದಳು, ನಾನು ಹೊಡೆದೆ, "ಏನ್ ಗಟ್ಟಿ ತಲಿನೋ ಮಾರಾಯ" ಎಂದು ಕೊನೆಗೆ ಅವ್ವ ಹಿತ್ತಲಿನ ಒರಳಿಗೆ ಒಯ್ದು ಒಡೆದು ತಂದಳು. ಎರಡು ಹಲ್ಲಿನ ಚೂರನ್ನು ತಾನು ಸೆರಗಿನಲ್ಲಿ ಇಟ್ಟುಕೊಂಡಳು. ಉಳಿದದ್ದನ್ನು ಹಂಚುತ್ತ ಬಂದಳು.

ದೊಡ್ಡಪ್ಪ ಅಂಗೈ ಚಾಚಿದರು.

"ಅಜ್ಜಾ, ನಿಮಗ ಶುಗರ್ ಅದಲ್ಲ" ಎಂದಳು ಪಲ್ಲವಿ.

"ಪ್ರಸಾದಕ್ಕ ಎಲ್ಲೀ ಶುಗರ್ ಹಚ್ತೀಬೇ. ಹಾಕು."

ನೀಲಿ ಬಣ್ಣದ ಒಂದು ಚೂರು ಅವರ ಪಾಲಿಗೆ ಬಂತು, ಹಣೆಯದು. ಅವರು ಅದನ್ನು ಬಲಗಣ್ಣಿಗೆ ಒತ್ತಿಕೊಂಡರು, ಎಡಗಣ್ಣಿಗೆ ಒತ್ತಿಕೊಂಡರು, ತಲೆ ಬಾಗಿಸಿ ಬಾಯಿಗೆ ಹಾಕಿಕೊಂಡರು. ನೋಡಿ, ನಮಸ್ಕಾರವೆಂದರೆ ಇದಲ್ಲದೆ ಇನ್ನೇನು? ತರ್ಕ ಇಷ್ಟು ಸ್ಪಷ್ಟವಾಗಿ ನನ್ನ ಕಡೆ ಬಂದದ್ದು ಆ ಇಡೀ ವಾರದಲ್ಲಿ ಅದೇ ಮೊದಲು. ದೊಡ್ಡಪ್ಪನಿಗೆ ಅದನ್ನು ತೋರಿಸಿಕೊಡಬೇಕೆಂದು ನಾನು ಬಾಯಿ ತೆರೆದೆ.

ಅವ್ವ ಅದರೊಳಗೆ ಒಂದು ಚೂರು ತುರುಕಿ, ಗದ್ದ ಹಿಡಿದು ಬಾಯಿ ಮುಚ್ಚಿದಳು.